ಯೇಸುವಿನ ಪುನರುತ್ಥಾನಕ್ಕೆ ಚರಿತ್ರೆಯ ಸಾಕ್ಷಿ ಎಷ್ಟಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ದಿನಗಳಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಭಾನುವಾರ ನಮ್ಮ ಚರ್ಚಿನಲ್ಲಿ ಯುವಕರ ಬೈಬಲ್ ತರಗತಿ ನಡೆಸುತ್ತೇನೆ. ಎರಡೂ ಕಡೆ ಇದೇ ಪ್ರಶ್ನೆ ಎದುರಾಗುತ್ತದೆ. ಕಾಲೇಜಿನ ಹುಡುಗರು "ಸತ್ತವರು ಎದ್ದು ಬಂದಿದ್ದಕ್ಕೆ ಪುರಾವೆ ಏನಿದೆ ಸಾರ್?" ಎನ್ನುತ್ತಾರೆ. ಚರ್ಚಿನವರು ಮೊಬೈಲ್ ತೋರಿಸಿ "ಇದನ್ನ ವಿಜ್ಞಾನಿಗಳು ಒಪ್ಪಿಕೊಂಡಿದಾರಂತೆ, ಹೌದಾ ಬ್ರದರ್?" ಎನ್ನುತ್ತಾರೆ.

ನಾನು ನಂಬುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ನಿಮಗೆ ಗೊತ್ತಿರಲಿ. ಆದರೆ ನಂಬಿಕೆಯ ಹೆಸರಿನಲ್ಲಿ ಜೊಳ್ಳು ಪುರಾವೆ ಹಂಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಾಳು ಯಾವುದು, ಜೊಳ್ಳು ಯಾವುದು ಅಂತ ಇಲ್ಲಿ ಮೊರ ಹಿಡಿದು ಕೇರಿದ್ದೇನೆ.

ಪುನರುತ್ಥಾನ ಅಂದರೆ ಏನು? ಪುನರ್ಜನ್ಮದ ಹಾಗೇನಾ?

ಅಲ್ಲ. ಪುನರ್ಜನ್ಮದಲ್ಲಿ ಜೀವ ಬೇರೊಂದು ದೇಹಕ್ಕೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು, ಹೂಳಿದ ಅದೇ ದೇಹ ಎದ್ದಿತು, ಇನ್ನು ಸಾಯದ ಹಾಗೆ ಬದಲಾಗಿ ಎದ್ದಿತು ಎಂದು. ಆತ್ಮ ದೇವರ ಹತ್ತಿರ ಹೋಯಿತು ಅನ್ನುವುದೂ ಇದಲ್ಲ. ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ಬಹಳ ಸಾದಾ. ಮಲಗಿದವರನ್ನು ಎಬ್ಬಿಸುವುದಕ್ಕೂ ಅದನ್ನೇ ಬಳಸುತ್ತಿದ್ದರು. 'ಪುನರುತ್ಥಾನ' ಎಂಬ ದೊಡ್ಡ ಮಾತನ್ನು ಬಿಡಿಸಿ ನೋಡಿದರೂ ಸಿಗುವುದು 'ಮತ್ತೆ ಏಳುವುದು' ಅಷ್ಟೇ.

ಯೇಸು ನಿಜವಾಗಿ ಇದ್ದನೇ? ಬೈಬಲಿನ ಹೊರಗೆ ಆಧಾರ ಇದೆಯೇ?

ಇದೆ. ರೋಮಿನ ಟಾಸಿಟಸ್ ಕ್ರಿ.ಶ. 116ರ ಸುಮಾರಿಗೆ ಬರೆದ ಚರಿತ್ರೆಯಲ್ಲಿ, ಚಕ್ರವರ್ತಿ ತಿಬೇರಿಯನ ಕಾಲದಲ್ಲಿ ಯೂದಾಯದ ರೋಮನ್ ಅಧಿಕಾರಿ ಪೊಂತ್ಯ ಪಿಲಾತನು 'ಕ್ರಿಸ್ತ'ನಿಗೆ ಮರಣದಂಡನೆ ಕೊಟ್ಟ ವಿಷಯ ಬರುತ್ತದೆ. ಟಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಅವನು ಇವರ ಪರವಾಗಿ ಬರೆದ ಅನ್ನುವ ಹಾಗಿಲ್ಲ. ಯೆಹೂದಿ ಇತಿಹಾಸಕಾರ ಜೋಸೆಫಸ್ 93ರ ಸುಮಾರಿಗೆ ಎರಡು ಕಡೆ ಯೇಸುವಿನ ಹೆಸರು ಎತ್ತುತ್ತಾನೆ. ಅದರಲ್ಲಿ ದೊಡ್ಡ ಭಾಗವನ್ನು ನಮ್ಮವರು ಬಹಳ ಉತ್ಸಾಹದಿಂದ ಹಂಚುತ್ತಾರೆ, ಏಕೆಂದರೆ "ಆತನೇ ಕ್ರಿಸ್ತ", "ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡ" ಎಂಬ ಮಾತು ಅಲ್ಲಿದೆ. ದಯವಿಟ್ಟು ಅದನ್ನು ಪುರಾವೆ ಎಂದು ಕೊಡಬೇಡಿ. ಆ ಸಾಲುಗಳನ್ನು ನಂತರದ ಕ್ರೈಸ್ತ ನಕಲುಗಾರರು ಸೇರಿಸಿದ್ದಾರೆ ಎಂಬುದನ್ನು ಹೆಚ್ಚುಕಡಿಮೆ ಎಲ್ಲ ವಿದ್ವಾಂಸರೂ ಒಪ್ಪುತ್ತಾರೆ. ಜೋಸೆಫಸ್ ಯೇಸುವನ್ನು ಕ್ರಿಸ್ತನೆಂದು, ಅಂದರೆ ದೇವರು ಕಳಿಸಿದ ರಕ್ಷಕನೆಂದು, ಒಪ್ಪಿರಲಿಲ್ಲ ಎಂದು 3ನೆಯ ಶತಮಾನದ ಕ್ರೈಸ್ತ ಲೇಖಕ ಓರಿಗೆನ್ ತಾನೇ ಬರೆದಿದ್ದಾನೆ. ಎರಡನೆಯದು ಚಿಕ್ಕ ಉಲ್ಲೇಖ, "ಕ್ರಿಸ್ತ ಎನಿಸಿಕೊಂಡ ಯೇಸುವಿನ ಸಹೋದರ ಯಾಕೋಬ" ಎಂದು. ಅದು ಗಟ್ಟಿ.

ಪಿಲಾತನ ಹೆಸರು ಕೆತ್ತಿದ ಸುಣ್ಣಕಲ್ಲು 1961ರಲ್ಲಿ ಕೈಸರೈಯದ ಹಳೆಯ ರಂಗಮಂದಿರದಲ್ಲಿ ಸಿಕ್ಕಿತು. ಯಾರೋ ಅದನ್ನು ಕಟ್ಟಡದ ಕೆಲಸಕ್ಕೆ ಮತ್ತೆ ಬಳಸಿಕೊಂಡಿದ್ದರು. ಟಾಸಿಟಸ್ ಪಿಲಾತನಿಗೆ ಹೇಳಿದ ಹುದ್ದೆಯ ಹೆಸರು ಸರಿಯಿಲ್ಲ ಅನ್ನುವುದೂ ಈ ಕಲ್ಲಿನಿಂದಲೇ ಗೊತ್ತಾಯಿತು.

ಇಷ್ಟರಿಂದ ಯೇಸು ಇದ್ದ, ಶಿಲುಬೆಯ ಮೇಲೆ ಸತ್ತ ಎಂಬುದು ನಿಲ್ಲುತ್ತದೆ. ಆತ ಎದ್ದ ಎಂಬುದಕ್ಕೆ ಇವು ಯಾವುವೂ ಸಾಕ್ಷಿಯಲ್ಲ.

ಶಿಲುಬೆಯ ಮೇಲೆ ಸುಮ್ನೆ ಪ್ರಜ್ಞೆ ತಪ್ಪಿತ್ತು, ಆಮೇಲೆ ಚೇತರಿಸಿಕೊಂಡ ಅನ್ನಬಹುದಲ್ಲ?

ಇದಕ್ಕೂ ಜೋಸೆಫಸ್‌ನಲ್ಲೇ ಒಂದು ಪ್ರಸಂಗ ಸಿಗುತ್ತದೆ. ಒಂದು ದಿನ ಅವನು ದಾರಿಯಲ್ಲಿ ಬರುವಾಗ ಶಿಲುಬೆಗೆ ಏರಿಸಿದವರಲ್ಲಿ ತನ್ನ ಪರಿಚಯದ ಮೂವರನ್ನು ಕಂಡ. ಕಣ್ಣೀರಿಡುತ್ತಾ ಹೋಗಿ ರೋಮಿನ ಸೇನಾಪತಿ ತೀತನನ್ನು ಬೇಡಿಕೊಂಡ. ತಕ್ಷಣ ಕೆಳಗಿಳಿಸಿ, ಒಳ್ಳೆಯ ಚಿಕಿತ್ಸೆ ಕೊಡಲು ಅಪ್ಪಣೆ ಆಯಿತು. ವೈದ್ಯರ ಕೈಯಲ್ಲೇ ಇಬ್ಬರು ಸತ್ತರು. ಒಬ್ಬ ಉಳಿದ.

ಅಂದರೆ ಶಿಲುಬೆಯಿಂದ ಇಳಿದು ಬದುಕುವುದು ಸಾಧ್ಯವೇ ಇರಲಿಲ್ಲ ಎಂದೇನಿಲ್ಲ. ಆದರೆ ಆ ಮೂವರನ್ನು ಬದುಕಿಸಲೆಂದೇ ಇಳಿಸಿದ್ದು. ಯೇಸುವಿನ ವಿಷಯದಲ್ಲಿ ಸೈನಿಕರ ಕೆಲಸವೇ ಸಾಯಿಸುವುದು. ಕೊರಡೆ ಏಟು ತಿಂದು, ಮೊಳೆ ಹೊಡೆಸಿಕೊಂಡು, ಸಮಾಧಿಯಲ್ಲಿ ಯಾವ ಆರೈಕೆಯೂ ಇಲ್ಲದೆ ಬಿದ್ದವನು ಎರಡು ದಿನದ ಮೇಲೆ ತೆವಳುತ್ತಾ ಬಂದರೆ, ನೋಡಿದವರು ವೈದ್ಯನನ್ನು ಕರೆಯುತ್ತಿದ್ದರು. "ಸಾವನ್ನು ಗೆದ್ದ ಪ್ರಭು" ಅಂತ ಕಾಲಿಗೆ ಬೀಳುತ್ತಿರಲಿಲ್ಲ. ಈ ಮಾತನ್ನು 19ನೆಯ ಶತಮಾನದಲ್ಲೇ ಜರ್ಮನಿಯ ಡಾವಿಡ್ ಸ್ಟ್ರೌಸ್ ಹೇಳಿದ್ದರು. ಅವರು ಪವಾಡಗಳನ್ನು ನಂಬುತ್ತಿರಲಿಲ್ಲ.

ಎಲ್ಲಕ್ಕಿಂತ ಹಳೆಯ ಸಾಕ್ಷಿ ಯಾವುದು?

ಜನ ಸುವಾರ್ತೆಗಳಿಂದ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಿಂದ, ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಪೌಲನ ಪತ್ರಗಳಿಂದ.

53ರಿಂದ 55ರ ನಡುವೆ ಪೌಲನು ಎಫೆಸದಲ್ಲಿದ್ದುಕೊಂಡು ಕೊರಿಂಥದ ಕ್ರೈಸ್ತ ಸಭೆಗೆ ಒಂದು ಪತ್ರ ಬರೆದ. ಅದರ 15ನೆಯ ಅಧ್ಯಾಯದ 3ನೆಯ ವಚನದಿಂದ ನಿಧಾನವಾಗಿ ಓದಿ. ನಾನು ಪಡೆದುಕೊಂಡಿದ್ದನ್ನೇ ನಿಮಗೆ ಒಪ್ಪಿಸಿದೆ ಎಂದು ಶುರುವಾಗುತ್ತದೆ. ಪಡೆಯುವುದು, ಒಪ್ಪಿಸುವುದು ಎಂಬ ಈ ಜೋಡಿ ಮಾತು ಯೆಹೂದಿ ಗುರುಗಳು ಬಾಯಿಪಾಠದ ಬೋಧನೆಯನ್ನು ದಾಟಿಸುವಾಗ ಬಳಸುತ್ತಿದ್ದ ಮಾತು. ಮುಂದೆ ನಾಲ್ಕು ಚಿಕ್ಕ ತುಂಡುಗಳು: ಕ್ರಿಸ್ತ ಸತ್ತ, ಹೂಣಲ್ಪಟ್ಟ, ಎಬ್ಬಿಸಲ್ಪಟ್ಟ, ಕಾಣಿಸಿಕೊಂಡ. ಓದಿದರೆ ಮಗ್ಗಿಯ ಹಾಗೆ ಲಯ ಇದೆ. ಇದರಲ್ಲಿ ಪೌಲನು ಬೇರೆ ಕಡೆ ಬಳಸದ ಪದಗಳಿವೆ. ಯೇಸುವಿನ ಮುಖ್ಯ ಶಿಷ್ಯ ಪೇತ್ರನಿಗೆ ಅರಮಾಯ ಭಾಷೆಯ 'ಕೇಫ' ಎಂಬ ಹೆಸರಿದೆ. ಹಾಗಾಗಿ ಇದು ಪೌಲನ ಸ್ವಂತ ರಚನೆಯಲ್ಲ. ಅವನಿಗೂ ಮುಂಚೆ ಸಭೆಯಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ಸೂತ್ರ.

ಎಷ್ಟು ಮುಂಚೆ? ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ತೆರೆಯಿರಿ. ಸಭೆಯನ್ನು ಹಿಂಸಿಸುತ್ತಿದ್ದ ಪೌಲ ಮನಸ್ಸು ತಿರುಗಿ ಯೇಸುವನ್ನು ನಂಬಿದ ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದ. ಯೇಸುವಿನ ಸಹೋದರ ಯಾಕೋಬನನ್ನೂ ಕಂಡ. ಇದನ್ನು ಹೇಳಿದ ಮರುಸಾಲಿನಲ್ಲೇ "ನಾನು ಬರೆಯುತ್ತಿರುವುದು ಸುಳ್ಳಲ್ಲ, ದೇವರೇ ಸಾಕ್ಷಿ" ಎಂದು ಆಣೆ ಇಡುತ್ತಾನೆ. ಯೇಸು ಸತ್ತದ್ದು 30 ಅಥವಾ 33ರಲ್ಲಿ. ಲೆಕ್ಕ ಹಾಕಿದರೆ ಈ ಭೇಟಿ 30ರ ದಶಕದ ನಡುವಿಗೋ ಕೊನೆಗೋ ಬರುತ್ತದೆ. ನಂಬಿಕೆ ಬಿಟ್ಟಿದ್ದ ಜರ್ಮನ್ ವಿದ್ವಾಂಸ ಗೆರ್ಡ್ ಲೂಡೆಮನ್ ಕೂಡ ಈ ಸೂತ್ರ ಯೇಸು ಸತ್ತ ಕೆಲವೇ ವರ್ಷಗಳಲ್ಲಿ ರೂಪುಗೊಂಡದ್ದೆಂದು ಒಪ್ಪಿದ್ದರು.

ನನ್ನ ಕಣ್ಣಿಗೆ ಇದು ಎಲ್ಲಕ್ಕಿಂತ ಬೆಲೆಬಾಳುವ ತುಣುಕು. ನೂರು ವರ್ಷ ಆದ ಮೇಲೆ ಹುಟ್ಟಿದ ದಂತಕಥೆ ಎಂಬ ವಾದ ಇಲ್ಲಿಗೆ ಮುಗಿಯುತ್ತದೆ. ಕಂಡೆ ಎಂದು ಹೇಳಿಕೊಂಡ ಇಬ್ಬರನ್ನು ಮುಖಾಮುಖಿ ಕಂಡು ಮಾತಾಡಿದವನ ಕೈಬರಹದ ಕಾಲಕ್ಕೆ ನಾವು ಬಂದಿದ್ದೇವೆ.

ಆದರೆ ಇಲ್ಲಿ ಏನಿಲ್ಲ ಅನ್ನುವುದನ್ನೂ ನೋಡಬೇಕು. ಖಾಲಿ ಸಮಾಧಿಯ ಮಾತು ನೇರವಾಗಿ ಇಲ್ಲ. ಹೆಂಗಸರ ಹೆಸರಿಲ್ಲ. ಎಲ್ಲಿ ಕಂಡರು, ಹೇಗೆ ಕಂಡರು ಎಂದಿಲ್ಲ. ತನಗೆ ಆದ ದರ್ಶನಕ್ಕೂ ಪೇತ್ರನಿಗೆ ಆದದ್ದಕ್ಕೂ ಪೌಲ ಒಂದೇ ಕ್ರಿಯಾಪದ ಬಳಸುತ್ತಾನೆ. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಪ್ರಕಾರ ಪೌಲನಿಗೆ ಆದದ್ದು ಬೆಳಕು ಮತ್ತು ಧ್ವನಿ. ಐನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕಂಡರು, ಬಹಳ ಜನ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಅವರಲ್ಲಿ ಒಬ್ಬರ ಮಾತೂ ನಮ್ಮ ಕೈಗೆ ಬಂದಿಲ್ಲ. "ಐನೂರು ಪ್ರತ್ಯಕ್ಷದರ್ಶಿಗಳ ಸಾಕ್ಷಿ ಇದೆ" ಎಂದು ಭಾಷಣದಲ್ಲಿ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಹತ್ತಿರ ಇರುವುದು ಐನೂರು ಮಂದಿಯ ಬಗ್ಗೆ ಒಬ್ಬನ ಒಂದು ಸಾಲು.

ನಾಲ್ಕು ಸುವಾರ್ತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಲ್ವಾ?

ಹೌದು, ಆಗುವುದಿಲ್ಲ. ಸಮಾಧಿಗೆ ಹೋದವರು ಮಾರ್ಕನಲ್ಲಿ ಮೂವರು ಹೆಂಗಸರು, ಮತ್ತಾಯನಲ್ಲಿ ಇಬ್ಬರು, ಯೋಹಾನನಲ್ಲಿ ಮಗ್ದಲದ ಮರಿಯಳೊಬ್ಬಳದೇ ಹೆಸರು. ಒಳಗೆ ಕಂಡದ್ದು ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು. ಮತ್ತಾಯನಲ್ಲಿ ಶಿಷ್ಯರು ಯೇಸುವನ್ನು ಕಾಣುವುದು ಉತ್ತರದ ಗಲಿಲಾಯ ಸೀಮೆಯ ಬೆಟ್ಟದಲ್ಲಿ. ಲೂಕನಲ್ಲಿ ಎಲ್ಲವೂ ಯೆರೂಸಲೇಮಿನ ಸುತ್ತಮುತ್ತಲೇ ನಡೆಯುತ್ತದೆ.

ಇವನ್ನೆಲ್ಲ ಹೇಗೋ ಎಳೆದು ಹೊಲಿದು ಒಂದೇ ಕಥೆ ಮಾಡುವ ಪುಸ್ತಕಗಳಿವೆ. ನನಗೆ ಅದು ಬೇಕಿಲ್ಲ. ಸಾಕ್ಷಿಗಳು ವಿವರದಲ್ಲಿ ಬೇರೆಬೇರೆ ಹೇಳಿದಾಗ ವಿವರ ಅನುಮಾನಕ್ಕೆ ಬೀಳುತ್ತದೆ. ತಿರುಳು ಬೀಳಲೇಬೇಕೆಂದಿಲ್ಲ. ನಾಲ್ವರೂ ಸೇರಿ ಮಾತಾಡಿಕೊಂಡು ಬರೆದದ್ದಲ್ಲ ಅನ್ನುವುದಂತೂ ಗೊತ್ತಾಗುತ್ತದೆ. ಹಾಗೆಂದು ನಾಲ್ಕೂ ಪೂರ್ತಿ ಸ್ವತಂತ್ರ ಸಾಕ್ಷಿಗಳೂ ಅಲ್ಲ. ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನು ಮುಂದಿಟ್ಟುಕೊಂಡು ಬರೆದವರು. ಮಾರ್ಕನ ಕಾಲ 70ರ ಆಸುಪಾಸು.

ಮಾರ್ಕನ ಕೊನೆಯನ್ನು ನೀವು ನೋಡಲೇಬೇಕು. 4ನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಅದು 16:8ಕ್ಕೆ, ಅಂದರೆ 16ನೆಯ ಅಧ್ಯಾಯದ 8ನೆಯ ವಚನಕ್ಕೆ, ನಿಲ್ಲುತ್ತದೆ. ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಯೇಸು ಕಾಣಿಸಿಕೊಳ್ಳುವ ಮುಂದಿನ 12 ವಚನಗಳನ್ನು ಆಮೇಲೆ ಯಾರೋ ಸೇರಿಸಿದ್ದಾರೆ. ಈ ವಿಷಯ ತಿಳಿದ ವರ್ಷ ನನಗೆ ಈಸ್ಟರ್ ಹಾಡು ಬಾಯಿಗೆ ಬರಲಿಲ್ಲ. ಈಗ ನನಗೆ ಅತಿ ಪ್ರಿಯವಾದ ಮುಕ್ತಾಯ ಅದೇ.

ಸಮಾಧಿ ನಿಜವಾಗಿ ಖಾಲಿ ಇತ್ತೇ?

ಇದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಸಮಾಧಿ ಇತ್ತೇ? ಶಿಲುಬೆಗೆ ಹಾಕಿದವರ ಹೆಣವನ್ನು ರೋಮಿನವರು ಸಾಮಾನ್ಯವಾಗಿ ಅಲ್ಲೇ ಬಿಡುತ್ತಿದ್ದರು. ನಾಯಿ, ಹದ್ದುಗಳ ಪಾಲು. ಯೇಸುವಿನದೂ ಹಾಗೇ ಆಗಿರಬಹುದು ಎನ್ನುವ ವಿದ್ವಾಂಸರಿದ್ದಾರೆ.

1968ರಲ್ಲಿ ಯೆರೂಸಲೇಮಿನ ಉತ್ತರದ ಗಿವಾತ್ ಹಾಮಿವ್ತಾರ್‌ನಲ್ಲಿ ಮೂಳೆ ತುಂಬಿಡುವ ಒಂದು ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಮೇಲೆ ಯೆಹೋಹಾನಾನ್ ಎಂಬ ಹೆಸರು. ಒಳಗಿದ್ದ ಬಲಗಾಲಿನ ಹಿಮ್ಮಡಿಯ ಮೂಳೆಯಲ್ಲಿ ಸುಮಾರು 11 ಸೆಂಟಿಮೀಟರಿನ ಕಬ್ಬಿಣದ ಮೊಳೆ ಹಾಗೇ ಕೂತಿತ್ತು. ಮೊಳೆಯ ತುದಿ ಬಾಗಿತ್ತು. ಪ್ರಾಯಶಃ ಮರದ ಗಂಟಿಗೆ ಬಡಿದು ಬಾಗಿತು, ಕೀಳಲು ಬರಲಿಲ್ಲ, ಹಾಗೇ ಹೂಳಿದರು. ಆ ಮೂಳೆಯ ಫೋಟೋವನ್ನು ತರಗತಿಯಲ್ಲಿ ತೋರಿಸಿದಾಗ ಪ್ರತಿಸಲವೂ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಸುತ್ತಿಗೆ ಏಟು ಬಿದ್ದದ್ದು ಒಬ್ಬ ಮನುಷ್ಯನ ಕಾಲಿಗೆ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ಶಿಲುಬೆಯ ಮೇಲೆ ಸತ್ತ ಈ ಮನುಷ್ಯನನ್ನು ಮನೆಯವರು ಮರ್ಯಾದೆಯಿಂದ ಹೂಳಿದ್ದರು. ಶಿಲುಬೆಗೆ ಹಾಕಿದವರನ್ನೂ ಯೆಹೂದಿಗಳು ಸೂರ್ಯ ಮುಳುಗುವ ಮುಂಚೆ ಇಳಿಸಿ ಹೂಳುತ್ತಿದ್ದರು ಎಂದು ಜೋಸೆಫಸ್ ಬರೆಯುತ್ತಾನೆ. ಹಾಗಾಗಿ ಯೇಸುವನ್ನು ಹೂಳಿದರು ಎಂಬುದು ನಂಬಲು ಕಷ್ಟವಾದ ಮಾತೇನಲ್ಲ. ಸಮಾಧಿ ಕೊಟ್ಟವನ ಹೆಸರು, ಅರಿಮಥಾಯದ ಯೋಸೇಫ, ನಾಲ್ಕೂ ಸುವಾರ್ತೆಗಳಲ್ಲಿದೆ.

ಇನ್ನು ಖಾಲಿ ಇತ್ತು ಎಂಬುದು. ಇದರ ಪರವಾಗಿ ನನಗೆ ತೂಕವಾಗಿ ಕಾಣುವುದು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಹೆಂಗಸರ ಸಾಕ್ಷಿ ತೆಗೆದುಕೊಳ್ಳಬಾರದೆಂದು ಜೋಸೆಫಸ್ ನಿಯಮವನ್ನೇ ಹೇಳುತ್ತಾನೆ. 2ನೆಯ ಶತಮಾನದಲ್ಲಿ ಕೆಲ್ಸಸ್ ಎಂಬ ಟೀಕಾಕಾರ, ತಲೆಕೆಟ್ಟ ಹೆಂಗಸಿನ ಮಾತು ಕೇಳಿ ನಂಬಿದ್ದೀರಿ ಎಂದು ಕ್ರೈಸ್ತರನ್ನು ಹಂಗಿಸಿದ. ಕಥೆ ಕಟ್ಟುವವರಾಗಿದ್ದರೆ ಪೇತ್ರನನ್ನೋ ಯೋಸೇಫನನ್ನೋ ಮೊದಲು ಕಳಿಸುತ್ತಿದ್ದರು. ನಾಲ್ವರೂ ಮಗ್ದಲದ ಮರಿಯಳ ಹೆಸರು ಬಿಡಲಿಲ್ಲ. ಅದು ಬಿಡಲಾಗದ ನೆನಪು ಆಗಿತ್ತು ಎಂದು ನನಗನಿಸುತ್ತದೆ.

ವಿರುದ್ಧವಾಗಿ ಹೇಳುವವರ ವಾದವೂ ಹಗುರವಲ್ಲ. ಗಂಡಸರು ಆಗಲೇ ಓಡಿಹೋಗಿದ್ದರು ಎಂದು ಬರೆದ ಮಾರ್ಕನಿಗೆ ಉಳಿದದ್ದೇ ಹೆಂಗಸರು ಎನ್ನುತ್ತಾರೆ ಅವರು. ಹೆಣಕ್ಕೆ ಸುಗಂಧ ಹಚ್ಚಲು ಹೋಗುವುದೂ ಹೆಂಗಸರ ಕೆಲಸವೇ. ಹೂಳಿದ್ದು ಎಂಬುದಕ್ಕಿರುವ ಗಟ್ಟಿತನ ಖಾಲಿ ಸಮಾಧಿಗೆ ಇಲ್ಲ, ಆದರೂ ತಕ್ಕಡಿ ಇತ್ತ ಬಾಗುತ್ತದೆ ಎಂಬುದು ನನ್ನ ಅಂದಾಜು.

ಶಿಷ್ಯರೇ ದೇಹ ಕದ್ದಿರಬಹುದಲ್ಲ?

ಈ ಮಾತು ಮತ್ತಾಯನ ಕಾಲಕ್ಕೇ ಊರಲ್ಲೆಲ್ಲ ಹರಡಿತ್ತು, ಅವನೇ ಬರೆದಿದ್ದಾನೆ. ಬೇರೆ ಯಾರೋ ಕದ್ದರು ಅನ್ನಬಹುದು. ಶಿಷ್ಯರೇ ಕದ್ದರು ಅನ್ನುವುದನ್ನು ಇಂದು ಗಂಭೀರ ವಿದ್ವಾಂಸರು ಬಹುತೇಕ ಕೈಬಿಟ್ಟಿದ್ದಾರೆ. ಅವರು ನಿಜವಾಗಿ ನಂಬಿದ್ದರು ಎಂಬುದು ಅಷ್ಟು ಸ್ಪಷ್ಟ.

ದುಃಖದಲ್ಲಿ ಭ್ರಮೆ ಆಗಿರಬಹುದಲ್ಲ?

ಎಲ್ಲಕ್ಕಿಂತ ಬಲವಾದ ಎದುರು ವಾದ ಇದೇ. 1971ರಲ್ಲಿ ವೇಲ್ಸ್‌ನ ವೈದ್ಯ ಡೀವಿ ರೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಸತ್ತವರ ಇರವು ತಮಗೆ ಅನುಭವಕ್ಕೆ ಬಂದಿದೆ ಎಂದಿದ್ದರು.

ನಮ್ಮ ಮನೆಯಲ್ಲೂ ಇದು ಆಗಿದೆ. ತಾತ ತೀರಿಕೊಂಡ ಮೇಲೆ ಅಜ್ಜಿ ಒಂದು ಸಂಜೆ ಜಗಲಿಯಲ್ಲಿ ಅವರನ್ನು ಕಂಡರು. ಎಲೆಅಡಿಕೆ ಚೀಲ ಬಿಚ್ಚುತ್ತಾ ಕೂತಿದ್ದರಂತೆ. ಅಜ್ಜಿ ಹೆದರಲಿಲ್ಲ. "ಬಂದಿದ್ರು ಕಣಪ್ಪ, ಸಮಾಧಾನ ಹೇಳೋಕೆ" ಎಂದರು. ಮಾರನೆಯ ದಿನ ಎಂದಿನಂತೆ ಹೂ ತೆಗೆದುಕೊಂಡು ಸಮಾಧಿಗೆ ಹೋದರು. ತಾತ ಎದ್ದು ಬಂದರು ಎಂದು ಒಂದು ದಿನವೂ ಹೇಳಲಿಲ್ಲ.

ನನಗೆ ಬೇಕಾದ ವ್ಯತ್ಯಾಸ ಇದೇ. ಸತ್ತವರನ್ನು ಕಂಡವರು ಸಾಮಾನ್ಯವಾಗಿ ಅವರು ದೇವರ ಹತ್ತಿರ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತಾರೆ. ಪೇತ್ರನೂ ಹಾಗೇ ಅಂದುಕೊಳ್ಳಬಹುದಿತ್ತು. ಆ ಮಾತಿಗೆ ಅವರ ಭಾಷೆಯಲ್ಲಿ ಪದಗಳಿದ್ದವು. ಬದಲಿಗೆ "ಎಬ್ಬಿಸಲ್ಪಟ್ಟ" ಎಂದರು.

ಇನ್ನೂ ಇಬ್ಬರಿದ್ದಾರೆ. ಪೌಲನಿಗೆ ಯೇಸುವಿನ ಸಾವಿನ ದುಃಖ ಇರಲಿಲ್ಲ, ಅವನು ಶತ್ರು. ಯಾಕೋಬ ಒಡಹುಟ್ಟಿದವನು, ಆದರೆ ಯೇಸು ಬದುಕಿದ್ದಾಗ ಆತನ ಸಹೋದರರು ಆತನನ್ನು ನಂಬಿರಲಿಲ್ಲ ಎಂದು ಯೋಹಾನನ ಸುವಾರ್ತೆಯೇ ಹೇಳುತ್ತದೆ. ಅದೇ ಯಾಕೋಬ ಯೆರೂಸಲೇಮಿನ ಸಭೆಗೆ ಮುಖಂಡನಾದ. 62ರಲ್ಲಿ ಅವನನ್ನು ಕಲ್ಲೆಸೆದು ಕೊಂದರು. ಅಣ್ಣನನ್ನು ದೇವರ ಮಗ ಎಂದು ತಮ್ಮ ಒಪ್ಪಬೇಕಾದರೆ ಏನಾಗಿರಬೇಕು?

ಆದರೂ ಲೂಡೆಮನ್ ಅಂಥವರು ಪೌಲನ ಒಳಗಿನ ತಪ್ಪಿತಸ್ಥ ಭಾವನೆ ದರ್ಶನವಾಗಿ ಸಿಡಿಯಿತು ಎನ್ನುತ್ತಾರೆ. ಇನ್ನು ಕೆಲವರು 17ನೆಯ ಶತಮಾನದ ಸಬ್ಬತಾಯಿ ಝ್ವಿಯನ್ನು ತೋರಿಸುತ್ತಾರೆ. ಮೆಸ್ಸೀಯ, ಅಂದರೆ ದೇವರು ಕಳಿಸಿದ ರಕ್ಷಕ, ಎಂದು ಯೆಹೂದಿಗಳು ನಂಬಿದ್ದ ಅವನು 1666ರಲ್ಲಿ ಸುಲ್ತಾನನ ಮುಂದೆ ಇಸ್ಲಾಮಿಗೆ ಸೇರಿಬಿಟ್ಟ. ಆದರೂ ಒಂದು ಗುಂಪು ಅವನನ್ನು ಬಿಡಲಿಲ್ಲ, ಆ ಸೋಲಿಗೇ ಹೊಸ ಅರ್ಥ ಹಚ್ಚಿತು. ಆಸೆ ಮುರಿದಾಗ ಮನುಷ್ಯನ ಮನಸ್ಸು ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಅದು ನಿಜವಾದ ಉದಾಹರಣೆ. ತಳ್ಳಿಹಾಕುವ ಹಾಗಿಲ್ಲ.

ಸುಳ್ಳಿಗಾಗಿ ಯಾರಾದರೂ ಸಾಯುತ್ತಾರಾ?

ಗೊತ್ತಿದ್ದೂ ಸುಳ್ಳಿಗಾಗಿ ಸಾಯುವವರು ಅಪರೂಪ. ನಿಜವೆಂದು ನಂಬಿ ತಪ್ಪಿಗಾಗಿ ಸತ್ತವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಹಾಗಾಗಿ ಇದು ಪ್ರಾಮಾಣಿಕತೆಗೆ ಸಾಕ್ಷಿ, ಸತ್ಯಕ್ಕಲ್ಲ. "ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಹುತಾತ್ಮರಾದರು" ಎಂಬ ಪಟ್ಟಿಯನ್ನೂ ಜಾಗ್ರತೆಯಿಂದ ಬಳಸಿ. ಜೆಬೆದಾಯನ ಮಗ ಯಾಕೋಬನದು (ಇವನು ಬೇರೆ ಯಾಕೋಬ, ಶಿಷ್ಯ) ಗಟ್ಟಿ, ಪೇತ್ರನದು ಬಹುಮಟ್ಟಿಗೆ ಗಟ್ಟಿ. ಉಳಿದವರಲ್ಲಿ ಹೆಚ್ಚಿನವರ ಕಥೆ ನಂತರದ ಕಾಲದ್ದು. ನಮ್ಮ ಪಕ್ಕದ ಚೆನ್ನೈನ ಮೈಲಾಪುರದಲ್ಲಿ ಯೇಸುವಿನ ಶಿಷ್ಯ ಸಂತ ತೋಮನ ಸಮಾಧಿಗೆ ನಾನೂ ಹೋಗಿ ಮೊಣಕಾಲೂರಿದ್ದೇನೆ. ಆದರೆ ತೋಮನ ಸಾವಿನ ಕಥೆ ಹೇಳುವ ಹಳೆಯ ಪುಸ್ತಕ 3ನೆಯ ಶತಮಾನದ್ದು.

ಟ್ಯೂರಿನ್ ಹೆಣವಸ್ತ್ರ ಪುರಾವೆ ಅಲ್ವಾ?

ಯೇಸುವಿನ ದೇಹಕ್ಕೆ ಸುತ್ತಿದ್ದೆಂದು ಹೇಳುವ ಬಟ್ಟೆ ಅದು. 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾದ ಮೂರು ಪ್ರಯೋಗಾಲಯಗಳು ಅದರ ಕಾಲವನ್ನು 1260ರಿಂದ 1390ರ ನಡುವೆ ಎಂದು ಅಳೆದವು. ಆ ಅಳತೆಯ ಬಗ್ಗೆ ತಕರಾರು ಇನ್ನೂ ನಡೆದಿದೆ, ಆದರೆ ಅದನ್ನು ಅಲ್ಲಗಳೆಯುವಂಥದ್ದು ಬಂದಿಲ್ಲ. ಸಮಾಧಿ ಕದಿಯುವವರಿಗೆ ಮರಣದಂಡನೆ ಎಂದು ಸಾರುವ 'ನಜರೇತಿನ ಶಾಸನ'ವನ್ನೂ ಹೀಗೇ ಹಂಚುತ್ತಿದ್ದರು. 2020ರಲ್ಲಿ ಆ ಅಮೃತಶಿಲೆ ಗ್ರೀಸಿನ ಕೋಸ್ ದ್ವೀಪದ ಗಣಿಯದ್ದೆಂದು ಪರೀಕ್ಷೆಯಿಂದ ಗೊತ್ತಾಯಿತು. ಎರಡನ್ನೂ ಪಕ್ಕಕ್ಕಿಡಿ.

ಯೇಸು ಕಾಶ್ಮೀರಕ್ಕೆ ಬಂದಿದ್ದನಂತೆ?

ನಮ್ಮ ದೇಶದಲ್ಲಿ ಇದನ್ನು ಕೇಳದವರಿಲ್ಲ. ಶ್ರೀನಗರದ ರೋಜಾಬಾಲ್ ಯೇಸುವಿನ ಸಮಾಧಿ ಎಂಬ ವಾದವನ್ನು ಅಹ್ಮದೀಯ ಪಂಥದ ಸ್ಥಾಪಕ ಮಿರ್ಜಾ ಗುಲಾಮ್ ಅಹ್ಮದ್ 1890ರ ದಶಕದಲ್ಲಿ ಮುಂದಿಟ್ಟರು. ಯೇಸು ತಾರುಣ್ಯದಲ್ಲಿ ಭಾರತದಲ್ಲಿದ್ದ ಎಂಬುದು ರಷ್ಯಾದ ನಿಕೊಲಾಸ್ ನೊಟೊವಿಚ್ 1894ರಲ್ಲಿ ಹೇಳಿದ್ದು, ಲಡಾಖಿನ ಹೆಮಿಸ್ ಮಠದಲ್ಲಿ ಓಲೆ ಸಿಕ್ಕಿತೆಂದು. ಮರುವರ್ಷ ಆರ್ಚಿಬಾಲ್ಡ್ ಡಗ್ಲಸ್ ಅಲ್ಲಿಗೇ ಹೋಗಿ ಕೇಳಿದಾಗ, ಮಠದ ಮುಖ್ಯ ಲಾಮಾ ಅಂಥ ಗ್ರಂಥವೇ ಇಲ್ಲ ಎಂದರು. ಇಪ್ಪತ್ತೈದು ವರ್ಷದೊಳಗಿನ ಪೌಲನ ಪತ್ರವನ್ನು ಅನುಮಾನಿಸಿ, 1,800 ವರ್ಷದ ನಂತರದ ಕಥೆಯನ್ನು ನಂಬುವುದು ಸರಿಯಾದ ತೂಕವಲ್ಲ.

ಬೇರೆ ದೇವತೆಗಳ ಕಥೆಯಿಂದ ಎತ್ತಿಕೊಂಡದ್ದೇ?

ಈಜಿಪ್ಟಿನ ಒಸೈರಿಸ್ ಭೂಮಿಗೆ ಮರಳುವುದಿಲ್ಲ, ಸತ್ತವರ ಲೋಕಕ್ಕೆ ಒಡೆಯನಾಗುತ್ತಾನೆ. ಶಿಷ್ಯರ ಬೇರು ಇದ್ದದ್ದು ಯೆಹೂದಿ ಮಣ್ಣಿನಲ್ಲಿ. ಯೆಹೂದಿ ಪಂಥಗಳಲ್ಲಿ ಫರಿಸಾಯರು ಪುನರುತ್ಥಾನ ನಂಬುತ್ತಿದ್ದರು, ಸದ್ದುಕಾಯರು ನಂಬುತ್ತಿರಲಿಲ್ಲ. ಆದರೆ ನಂಬುವವರು ಕಾಯುತ್ತಿದ್ದದ್ದು ಯುಗದ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಏಳುವುದಕ್ಕೆ. ನಡುವೆ ಒಬ್ಬನೇ ಏಳುವುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಗಾದರೆ ಚರಿತ್ರೆ ಇದನ್ನು ಸಾಬೀತು ಮಾಡುತ್ತದೋ ಇಲ್ಲವೋ?

ಚರಿತ್ರೆ ನನ್ನನ್ನು ಒಂದು ಬಾಗಿಲಿನವರೆಗೆ ಕರೆದುಕೊಂಡು ಹೋಗುತ್ತದೆ. ಯೇಸು ಸತ್ತ. ಬಹಳ ಬೇಗ, ಬೇರೆಬೇರೆ ಜನ, ಅವರಲ್ಲಿ ಒಬ್ಬ ಶತ್ರು, ಆತನನ್ನು ಜೀವಂತವಾಗಿ ಕಂಡೆವು ಎಂದು ಪ್ರಾಮಾಣಿಕವಾಗಿ ನಂಬಿದರು. ಇಷ್ಟನ್ನು ಅಮೆರಿಕದ ಇ. ಪಿ. ಸ್ಯಾಂಡರ್ಸ್ ಅಂಥ ಎಚ್ಚರದ ಇತಿಹಾಸಕಾರರೂ ವಾಸ್ತವ ಎಂದೇ ಒಪ್ಪಿದ್ದಾರೆ. ಅದಕ್ಕೆ ಕಾರಣ ಏನು ಎಂಬಲ್ಲಿ ದಾರಿ ಕವಲಾಗುತ್ತದೆ.

ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಕೇಳಿದ್ದರು: ಸಾಕ್ಷಿ ಹೇಳುವವರು ತಪ್ಪಿರುವುದು ಹೆಚ್ಚು ಸಂಭವವೋ, ಸತ್ತವನು ಎದ್ದಿರುವುದೋ? ದೇವರೇ ಇಲ್ಲ ಎಂದುಕೊಂಡು ಬಂದರೆ ಮೊದಲನೆಯದೇ ಉತ್ತರ. ಅಂಥವರನ್ನು ಮೂರ್ಖರೆಂದು ನಾನು ಎಂದೂ ಕರೆಯಲಾರೆ. ದೇವರಿದ್ದಾನೆ ಎಂದುಕೊಂಡು ಬಂದ ಮಾತ್ರಕ್ಕೂ ಒಂದೇ ಉತ್ತರ ಬರುವುದಿಲ್ಲ. ಯೆಹೂದಿ ಪಂಡಿತ ಪಿಂಚಾಸ್ ಲಪೀಡೆ ಯೇಸು ಎದ್ದದ್ದು ನಿಜ ಎಂದು ಒಪ್ಪಿದರು, ಆದರೆ ಆತ ತಮ್ಮ ಮೆಸ್ಸೀಯ ಎಂದು ಒಪ್ಪಲಿಲ್ಲ. ಕುರಾನ್ ಯೇಸುವನ್ನು ಪ್ರವಾದಿ ಎಂದು ಗೌರವಿಸುತ್ತದೆ, ಆದರೆ ಶಿಲುಬೆಯ ಸಾವನ್ನೇ ನಿರಾಕರಿಸುತ್ತದೆ.

ನಾನು ಬಾಗಿಲು ದಾಟಿದ್ದೇನೆ. ದಾಟಿಸಿದ್ದು ಬರೀ ಸಾಕ್ಷಿಯಲ್ಲ. ಪ್ರಾರ್ಥನೆ, ಅಜ್ಜಿಯ ಬದುಕು, ಸಭೆಯ ಜನ ಎಲ್ಲ ಸೇರಿ ದಾಟಿಸಿದರು. ಆದರೆ ಸಾಕ್ಷಿ ಪೂರಾ ಎದುರಾಗಿದ್ದರೆ ದಾಟುತ್ತಿರಲಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಅದೇ ಅಧ್ಯಾಯದಲ್ಲಿ ಹೇಳಿಬಿಟ್ಟಿದ್ದಾನೆ.

ಎಲ್ಲಿಂದ ಓದಲಿ?

ಮೊದಲು ಗಲಾತ್ಯ 1. ಆಮೇಲೆ 1 ಕೊರಿಂಥ 15, ಪೂರ್ತಿ, ಸಾಧ್ಯವಾದರೆ ಗಟ್ಟಿಯಾಗಿ. ಆಮೇಲೆ ಮಾರ್ಕನನ್ನು ಒಂದೇ ಸಲ ಕೂತು ಓದಿ. 16:8ಕ್ಕೆ ಬಂದಾಗ ಪುಸ್ತಕ ಮುಚ್ಚಿ, ಆ ಹೆಂಗಸರು ಓಡುತ್ತಿರುವಾಗಲೇ. ಒಂದು ದಿನ ಬಿಟ್ಟು ಲೂಕನ ಕೊನೆಯ ಅಧ್ಯಾಯ ತೆರೆಯಿರಿ.